ಗಾಜಿನ ಲೋಳೆಮೀನು: ಕಲೆನಾ, ಪಾಠದ ಸಾಮಾನಾ?

ಪ್ರಶ್ನೆ: ಸರ್, ನಾವಿರೋದು ಬಾಸ್ಟನ್ ಹತ್ರ. ಮೊನ್ನೆ ಮಗಳನ್ನ ಕರ್ಕೊಂಡು ಹಾರ್ವರ್ಡ್ ಮ್ಯೂಸಿಯಂಗೆ ಹೋಗಿದ್ವಿ, ಗಾಜಿನ ಹೂಗಳನ್ನ ನೋಡೋಣ ಅಂತ. ಅಲ್ಲೇ ಗಾಜಲ್ಲಿ ಮಾಡಿದ ಜೆಲ್ಲಿಫಿಶ್, ಆಕ್ಟೋಪಸ್, ಹೆಸರೇ ಗೊತ್ತಿಲ್ಲದ ಇನ್ನೂ ಎಷ್ಟೋ ಪ್ರಾಣಿ ಇದ್ವು. ನಮ್ಮ ಯಜಮಾನ್ರು ಇದೆಲ್ಲಾ ಅಚ್ಚಿಗೆ ಹೊಯ್ದು ಮಾಡಿರೋದು ಅಂತಾರೆ. ಮಗಳು ಬಯಾಲಜಿ ಓದ್ತಿದಾಳೆ, ಅವಳ ಪ್ರಶ್ನೆ ಬೇರೆ: ಇದನ್ನ ಕಲೆ ಅನ್ನಬೇಕಾ, ಪಾಠದ ಸಾಮಾನು ಅನ್ನಬೇಕಾ? ಪಾಠದ್ದಾದ್ರೆ ವಿಡಿಯೋ ಇರೋ ಈ ಕಾಲದಲ್ಲಿ ಇಷ್ಟು ಜೋಪಾನ ಯಾಕೆ? ಮತ್ತೆ, ಗಾಜಲ್ಲೇ ಯಾಕೆ ಮಾಡಿದ್ರು?

ಉತ್ತರ: ನಿಮ್ಮ ಮಗಳ ಪ್ರಶ್ನೆ ಓದಿ ನಿಜವಾಗ್ಲೂ ಖುಷಿ ಆಯ್ತು, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ಬಾಟಲಿ ವಿಷಯ ಹೇಳ್ಬೇಕು. ನಾನು ಪಾಠ ಮಾಡ್ತಿದ್ದ ಕಾಲೇಜಿನ ಝುವಾಲಜಿ ಡಿಪಾರ್ಟ್‌ಮೆಂಟಲ್ಲಿ, ಗಾಜಿನ ಕಪಾಟಿನ ಎರಡನೇ ಸಾಲಲ್ಲಿ, ಸೀ ಅನಿಮೋನ್ ಅನ್ನೋ ಮೆತ್ತನೆ ಕಡಲ ಪ್ರಾಣಿಯ ಹೆಸರಿನ ಚೀಟಿ ಅಂಟಿಸಿದ ಒಂದು ಬಾಟಲಿ ಇತ್ತು. ಫಾರ್ಮಲಿನ್ ಹಳದಿಗೆ ತಿರುಗಿತ್ತು, ಅದರ ತಳದಲ್ಲಿ ಕೂತಿದ್ದು ನೆನೆಸಿಟ್ಟ ಹುಣಸೆಹಣ್ಣಿನ ಮುದ್ದೆ ಥರದ್ದೇನೋ, ಬಣ್ಣ ಅಂತೂ ಪೂರ್ತಿ ಹೋಗಿ ಬೂದಿಗೆ ಬಂದಿತ್ತು. ಪ್ರತಿ ವರ್ಷ ಹುಡುಗ್ರು ಅದನ್ನ ಮುಂದಿಟ್ಕೊಂಡು ರೆಕಾರ್ಡ್ ಬುಕ್ಕಲ್ಲಿ ಚಿತ್ರ ಬಿಡಿಸೋರು, ಆದ್ರೆ ಕಣ್ಣು ಮಾತ್ರ ಪಕ್ಕದಲ್ಲಿದ್ದ ಗೈಡ್ ಮೇಲೆ ಇರೋದು, ಯಾಕಂದ್ರೆ ಬಾಟಲಿಯಲ್ಲಿ ಬಿಡಿಸೋಕೆ ಏನೂ ಇರ್ಲಿಲ್ಲ. ಒಂದ್ಸಲ ಒಬ್ಬಳು ಹುಡುಗಿ "ಸರ್, ಇದನ್ನ ಕಡಲ ಹೂವು ಅಂತ ಯಾಕೆ ಕರೀತಾರೆ?" ಅಂತ ಕೇಳಿದ್ಲು. ನನ್ನ ಹತ್ರ ತೋರಿಸೋಕೆ ಏನಿತ್ತು, ಐದು ಬೆರಳು ಮುಚ್ಚಿ ಮೆಲ್ಲಗೆ ಅರಳಿಸಿ ತೋರಿಸಿದೆ. ಅವಳು ಬಾಟಲಿ ನೋಡಿದ್ಲು, ನನ್ನ ಕೈ ನೋಡಿದ್ಲು, ಸುಮ್ನಾದ್ಲು. ಆ ಪೆಚ್ಚು ಮುಖ ನನಗಿನ್ನೂ ಮರೆತಿಲ್ಲ.

ನೂರೈವತ್ತು ವರ್ಷದ ಹಿಂದೆ ಯುರೋಪಿನ ಮ್ಯೂಸಿಯಂನವರಿಗೆ, ಪ್ರೊಫೆಸರ್‌ಗಳಿಗೆ ಇದ್ದಿದ್ದೂ ಇದೇ ತಾಪತ್ರಯ. ಹುಲಿ, ಜಿಂಕೆ, ಹಕ್ಕಿ ಆದ್ರೆ ಚರ್ಮ ಸುಲಿದು ಒಳಗೆ ಹುಲ್ಲು ತುಂಬಿ ನಿಲ್ಲಿಸಬಹುದು, ಚಿಟ್ಟೆನ ಸೂಜಿ ಚುಚ್ಚಿ ಇಡಬಹುದು, ಶಂಖ ಚಿಪ್ಪುಗಳಿಗಂತೂ ಏನೂ ಮಾಡ್ಬೇಕಾಗೇ ಇಲ್ಲ. ಆದ್ರೆ ಲೋಳೆಮೀನು, ಅಂದ್ರೆ ಜೆಲ್ಲಿಫಿಶ್? ಅದರ ಮೈಯಲ್ಲಿ ನೂರಕ್ಕೆ ತೊಂಬತ್ತೈದು ಭಾಗ ನೀರೇ. ನೀರಿಂದ ಎತ್ತಿದ್ರೆ ಕುಸಿಯುತ್ತೆ, ಒಣಗಿಸಿದ್ರೆ ಒಂದು ಗುರುತು ಉಳಿಯುತ್ತೆ ಅಷ್ಟೇ, ಸ್ಪಿರಿಟ್‌ನಲ್ಲಿ ಹಾಕಿದ್ರೆ ಸುಕ್ಕಾಗಿ ಬಿಳಿಚಿಕೊಳ್ಳುತ್ತೆ. ಮೂಳೆ ಇಲ್ಲದ, ಚಿಪ್ಪಿಲ್ಲದ ಎಲ್ಲಾ ಕಡಲ ಪ್ರಾಣಿಗಳ ಕಥೆನೂ ಹೆಚ್ಚುಕಮ್ಮಿ ಹೀಗೇ. ಅದೂ ಎಂಥಾ ಹೊತ್ತಲ್ಲಿ ಅಂದ್ರೆ, 1859ರಲ್ಲಿ ಡಾರ್ವಿನ್ ಪುಸ್ತಕ ಬಂದು ಜೀವ ಹೇಗೆ ಬೆಳೀತಾ ಬಂತು ಅಂತ ಎಲ್ಲರೂ ಕೇಳೋಕೆ ಶುರು ಮಾಡಿದಾರೆ, ಮನೆಮನೆಯಲ್ಲಿ ಅಕ್ವೇರಿಯಂ ಹುಚ್ಚು ಹಿಡಿದಿದೆ, ಅಂಥಾ ಹೊತ್ತಲ್ಲಿ ವಿದ್ಯಾರ್ಥಿಗಳಿಗೆ ತೋರಿಸೋಕೆ ಈ ಹುಣಸೆಮುದ್ದೆ ಬಾಟಲಿ ಬಿಟ್ರೆ ಬೇರೆ ಗತಿ ಇಲ್ಲ. ನೀರೊಳಗಿನ ಫೋಟೋ, ಕಲರ್ ಫೋಟೋ ಎಲ್ಲಾ ಇನ್ನೂ ದೂರದ ಮಾತು.

ಈ ಕೊರತೆನ ತುಂಬಿದ್ದು ಒಬ್ಬ ಅಪ್ಪ, ಒಬ್ಬ ಮಗ. ಲಿಯೋಪೋಲ್ಡ್ ಬ್ಲಾಷ್ಕಾ ಮತ್ತು ರುಡಾಲ್ಫ್ ಬ್ಲಾಷ್ಕಾ. ನೀವು ನೋಡೋಕೆ ಹೋದ ಗಾಜಿನ ಹೂಗಳೂ ಇವರದ್ದೇ, ಆದ್ರೆ ಕಡಲ ಪ್ರಾಣಿಗಳು ಮೊದಲು, ಹೂಗಳು ಆಮೇಲೆ. ಹೂಗಳಿಗೆ ಹೆಸರು ಬಂದು ಪ್ರಾಣಿಗಳು ಪಕ್ಕದ ಕೋಣೆಗೆ ಸರಿದವು ಅನ್ನೋದು ನನಗೆ ಯಾವಾಗ್ಲೂ ಒಂದು ಕೊರಗು.

ಲಿಯೋಪೋಲ್ಡ್ ಹುಟ್ಟಿದ್ದು 1822ರಲ್ಲಿ, ಬೊಹೀಮಿಯಾದಲ್ಲಿ, ಅಂದ್ರೆ ಈಗಿನ ಚೆಕ್ ದೇಶ. ತಲೆತಲಾಂತರದಿಂದ ಗಾಜಿನ ಕೆಲಸ ಮಾಡ್ಕೊಂಡು ಬಂದ ಮನೆತನ. ಹುಡುಗನಾಗಿದ್ದಾಗ ಅಕ್ಕಸಾಲಿ ಕೆಲಸ, ಹರಳು ಕೆತ್ತೋ ಕೆಲಸನೂ ಕಲಿತ, ಆಮೇಲೆ ಮನೆ ಕಸುಬಿಗೇ ಬಂದು ಗಾಜಿನ ಒಡವೆ, ಗಾಜಿನ ಕೃತಕ ಕಣ್ಣು ಮಾಡ್ತಿದ್ದ. ಈ ಕಣ್ಣಿನ ಕೆಲಸನ ಸುಮ್ನೆ ದಾಟಿ ಹೋಗ್ಬೇಡಿ. ಒದ್ದೆ ಇದ್ದಂಗೆ ಹೊಳೀಬೇಕು, ಒಳಗಿನ ಆಳ ಕಾಣ್ಬೇಕು, ಜೀವ ಇದೆ ಅನ್ನಿಸ್ಬೇಕು, ಇದು ಮೂರೂ ಕೃತಕ ಕಣ್ಣಿಗೂ ಬೇಕು, ಲೋಳೆಮೀನಿಗೂ ಬೇಕು.

1850ರಲ್ಲಿ ಹೆಂಡತಿ ಕಾಲರಾದಲ್ಲಿ ತೀರಿಕೊಂಡ್ಲು, ಎರಡು ವರ್ಷಕ್ಕೆ ಅಪ್ಪನೂ ಹೋದ. ಮನಸ್ಸು ಕೆಟ್ಟು 1853ರಲ್ಲಿ ಅಮೆರಿಕಾಗೆ ಹಡಗು ಹತ್ತಿದ. ಅದು ಹಾಯಿ ಹಡಗು, ಅಜೋರ್ಸ್ ದ್ವೀಪಗಳ ಹತ್ರ ಗಾಳಿ ಬಿದ್ದೋಗಿ ಎರಡು ವಾರ ಹಡಗು ನಿಂತಲ್ಲೇ ನಿಂತ್ಬಿಡ್ತು. ಬೇರೆಯವರು ಬೇಸತ್ತು ಗೊಣಗಿರಬಹುದು, ಈತ ಮಾತ್ರ ಹಡಗಿನ ಅಂಚಿಗೆ ಬಗ್ಗಿ ಕೆಳಗೆ ನೀರಲ್ಲಿ ತೇಲ್ತಿದ್ದ ಲೋಳೆಮೀನುಗಳನ್ನ ನೋಡ್ತಾ, ಹಿಡಿದು, ಚಿತ್ರ ಬರ್ಕೊಂಡು ಕೂತ. ಒಂದು ಮೇ ತಿಂಗಳ ರಾತ್ರಿ ಕನ್ನಡಿ ಹಾಗೆ ನಿಂತಿದ್ದ ಕತ್ತಲ ಕಡಲಲ್ಲಿ ಅಲ್ಲಲ್ಲಿ ಮಿಂಚಿನ ಹಾಗೆ ಬೆಳಕಿನ ಕಂತೆ ಎದ್ದು, ಸುತ್ತ ಸಾವಿರಾರು ಕಿಡಿ ಹಾರಿದ ಹಾಗೆ ಕಂಡಿದ್ದನ್ನ ಆತ ಬರೆದಿಟ್ಟಿದಾನೆ. ನಮ್ಮ ಉಡುಪಿ, ಮಂಗಳೂರು ಕಡೆ ಕೆಲವು ವರ್ಷ ರಾತ್ರಿ ಅಲೆ ನೀಲಿಯಾಗಿ ಮಿಂಚುತ್ತಲ್ಲ, ಅದನ್ನ ಕಣ್ಣಾರೆ ನೋಡಿದವರಿಗೆ ಈ ಮಾತು ಉತ್ಪ್ರೇಕ್ಷೆ ಅಲ್ಲ ಅಂತ ಗೊತ್ತಾಗುತ್ತೆ.

ಊರಿಗೆ ವಾಪಸ್ ಬಂದ್ಮೇಲೆ ಮತ್ತೆ ಮದುವೆ ಆದ, 1857ರಲ್ಲಿ ರುಡಾಲ್ಫ್ ಹುಟ್ಟಿದ. ಬಿಡುವಿದ್ದಾಗ ಲಿಯೋಪೋಲ್ಡ್ ತನ್ನ ಖುಷಿಗೆ ಗಾಜಲ್ಲಿ ಹೂ ಮಾಡ್ತಿದ್ದ, ಅದನ್ನ ನೋಡಿದ ಅಲ್ಲಿನ ಒಬ್ಬ ಪ್ರಿನ್ಸ್ ತನ್ನ ಆರ್ಕಿಡ್ ಗಿಡಗಳದ್ದು ಮಾಡಿಕೊಡು ಅಂದ. ಆ ಗಾಜಿನ ಆರ್ಕಿಡ್‌ಗಳು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಪ್ರದರ್ಶನಕ್ಕೆ ಬಂದಾಗ ಅಲ್ಲಿನ ಮ್ಯೂಸಿಯಂ ಡೈರೆಕ್ಟರ್ ಲುಡ್ವಿಗ್ ರೈಖೆನ್‌ಬಾಖ್ ನೋಡಿದ್ರು, ಹೂವು ಇಷ್ಟು ಚೆನ್ನಾಗಿ ಮಾಡೋನು ಕಡಲ ಹೂವು ಯಾಕೆ ಮಾಡ್ಬಾರ್ದು ಅಂತ 1863ರಲ್ಲಿ ಹನ್ನೆರಡು ಸೀ ಅನಿಮೋನ್‌ಗೆ ಆರ್ಡರ್ ಕೊಟ್ರು. ಅಲ್ಲಿಂದ ಕಸುಬಿನ ದಿಕ್ಕೇ ಬದಲಾಯ್ತು. ಆ ಆರ್ಕಿಡ್‌ಗಳು ಆಮೇಲೆ ಬೆಲ್ಜಿಯಂನ ಲಿಯೇಜ್ ಊರಿಗೆ ಹೋಗಿ 1868ರಲ್ಲಿ ಬೆಂಕಿಗೆ ಬಿದ್ದು ಪೂರ್ತಿ ನಾಶ ಆದ್ವು.

ಈಗ ನಿಮ್ಮ ಯಜಮಾನ್ರ ಅಚ್ಚಿನ ಮಾತು. ಇಲ್ಲ, ಅಚ್ಚಿಗೆ ಹೊಯ್ದಿದ್ದಲ್ಲ, ಒಂದೊಂದೂ ಕೈಯಲ್ಲೇ ಮಾಡಿದ್ದು. ಅಕ್ಕಸಾಲಿಗಳು ಊದುಕೊಳವೆಯಿಂದ ದೀಪದ ಜ್ವಾಲೆನ ಚೂಪು ಮಾಡಿ ಬೆಸುಗೆ ಹಾಕೋದನ್ನ ಅವರು ನೋಡಿರ್ತಾರೆ, ಹೆಚ್ಚುಕಮ್ಮಿ ಅದೇ ಲೆಕ್ಕ. ಒಂದು ಮೇಜು, ಮೇಲೆ ದೀಪ, ಮೇಜಿನ ಕೆಳಗೆ ಕಾಲಲ್ಲಿ ಒತ್ತೋ ತಿದಿ. ತಿದಿ ಒತ್ತಿದ್ರೆ ಗಾಳಿ ಬಂದು ಜ್ವಾಲೆ ಚೂಪಾಗುತ್ತೆ, ಬಿಸಿ ಏರುತ್ತೆ, ಎರಡೂ ಕೈ ಖಾಲಿ ಇರುತ್ತೆ. ಬೇಕಾಗಿರೋ ಸಾಮಾನು ಅಂದ್ರೆ ಗಾಜಿನ ಕಡ್ಡಿ, ಗಾಜಿನ ಕೊಳವೆ, ಚಿಮಟ, ಇನ್ನೊಂದೆರಡು ಸಣ್ಣ ಉಪಕರಣ, ಅಷ್ಟೇ.

ಅನಿಮೋನ್‌ನ ಒಂದೇ ಒಂದು ಬೆರಳು, ಅಂದ್ರೆ ಬಾಯಿ ಸುತ್ತ ಇರೋ ಟೆಂಟಕಲ್, ಮಾಡೋದನ್ನ ಕಲ್ಪಿಸ್ಕೊಳ್ಳಿ. ಕಡ್ಡಿ ತುದಿನ ಜ್ವಾಲೆಗೆ ಹಿಡಿದು ತಿರುಗಿಸ್ತಾ ಇರ್ಬೇಕು, ತಿರುಗಿಸೋದು ನಿಲ್ಲಿಸಿದ್ರೆ ಒಂದು ಕಡೆ ಜೋತುಬೀಳುತ್ತೆ. ಗಾಜು ಜೇನುತುಪ್ಪದ ಹದಕ್ಕೆ ಬಂದಾಗ ಜ್ವಾಲೆಯಿಂದ ಆಚೆ ತೆಗೆದು ಚಿಮಟದಲ್ಲಿ ಹಿಡಿದು ಎಳೀಬೇಕು, ಎಳೆದ ವೇಗಕ್ಕೆ ತಕ್ಕ ಹಾಗೆ ಬುಡ ದಪ್ಪ ತುದಿ ಸಣ್ಣ ಆಗುತ್ತೆ. ನೀರಿನ ಸೆಳೆತಕ್ಕೆ ಬಾಗಿದ ಹಾಗೆ ಒಂಚೂರು ಬಾಗಿಸಬೇಕು, ಅದಕ್ಕೆ ಸಿಗೋದು ಕೆಲವೇ ಸೆಕೆಂಡು, ಅಷ್ಟರಲ್ಲಿ ಗಾಜು ಗಟ್ಟಿ. ಬಾಗು ಸರಿ ಬರ್ಲಿಲ್ಲ ಅಂದ್ರೆ ಪಕ್ಕಕ್ಕೆ ಇಟ್ಟು ಇನ್ನೊಂದು. ಇಂಥವು ಒಂದು ಅನಿಮೋನ್‌ಗೆ ನೂರಕ್ಕಿಂತ ಜಾಸ್ತಿ ಬೇಕಾಗಬಹುದು, ಒಂದರ ಬಾಗು ಇನ್ನೊಂದಕ್ಕೆ ಇರಬಾರ್ದು, ಒಳಸುತ್ತಿನವು ಚಿಕ್ಕದು ಹೊರಸುತ್ತಿನವು ದೊಡ್ಡದು ಅಥವಾ ತಿರುಗಾಮುರುಗಾ, ಅದು ಆ ಜಾತಿ ಮೇಲೆ ಹೋಗುತ್ತೆ. ಆಮೇಲೆ ಒಂದೊಂದನ್ನೂ ಕಾಂಡಕ್ಕೆ ಜೋಡಿಸ್ಬೇಕು, ಕೆಲವು ಜ್ವಾಲೆಯಲ್ಲೇ ಬೆಸೆದು, ಕೆಲವು ಪ್ರಾಣಿಗಳ ಚರ್ಮ ಮೂಳೆ ಬೇಯಿಸಿ ಮಾಡಿದ ಅಂಟಲ್ಲಿ. ಬೇಕಾದ ಕಡೆ ಒಳಗೆ ಸಣ್ಣ ತಂತಿನೂ ಕೊಡ್ತಿದ್ರು. ಬಣ್ಣ ಸ್ವಲ್ಪ ಗಾಜಿಂದಲೇ ಬರುತ್ತೆ, ಸ್ವಲ್ಪ ಮೇಲೆ ತೆಳುವಾಗಿ ಹಚ್ಚಿದ್ದು. ಅದಕ್ಕೇ ಅವರ ಕ್ಯಾಟಲಾಗಿನ ಒಂದೇ ನಂಬರಿನ ಎರಡು ಮಾಡೆಲ್ ಎರಡು ಮ್ಯೂಸಿಯಂನಲ್ಲಿ ಇದ್ರೂ ಅವು ಅಕ್ಕತಂಗಿ ಥರ ಕಾಣ್ತವೆ, ಅಚ್ಚೊತ್ತಿದ ಹಾಗಲ್ಲ.

ಗಾಜೇ ಯಾಕೆ ಅನ್ನೋದಕ್ಕೂ ಇಲ್ಲೇ ಉತ್ತರ ಇದೆ. ಆ ಕಾಲದಲ್ಲಿ ಪಾಠಕ್ಕೆ ಬೇರೆ ಮಾಡೆಲ್‌ಗಳೂ ಇದ್ವು. ಫ್ರಾನ್ಸಿನಲ್ಲಿ ಲೂಯಿ ಓಝು ಅನ್ನೋ ಡಾಕ್ಟರ್ ಕಾಗದದ ಮುದ್ದೆಯಲ್ಲಿ ಮನುಷ್ಯನ ದೇಹ ಮಾಡಿ ಒಂದೊಂದೇ ಭಾಗ ಬಿಚ್ಚಿ ತೋರಿಸೋ ಹಾಗೆ ಮಾರ್ತಿದ್ದ, ಜರ್ಮನಿಯ ಫ್ರೈಬುರ್ಗ್‌ನಲ್ಲಿ ಝೀಗ್ಲರ್ ಮೇಣದಲ್ಲಿ ಭ್ರೂಣದ ಮಾಡೆಲ್ ಮಾಡ್ತಿದ್ದ. ಎರಡೂ ಒಳ್ಳೇವೇ, ಆದ್ರೆ ಬೆಳಕು ಅವುಗಳ ಮೇಲ್ಮೈಗೇ ನಿಂತುಬಿಡುತ್ತೆ. ಲೋಳೆಮೀನಿನ ಮೈಯೊಳಗೆ ಬೆಳಕು ಹಾದು ಹೋಗಬೇಕು, ಕೊಡೆಯಂಥಾ ಅದರ ಮೈಯ ಮೇಲಿಂದ ನೋಡಿದ್ರೆ ಒಳಗಿನ ಹೊಟ್ಟೆ, ಕಾಲುವೆಗಳು ಮಸುಕಾಗಿ ಕಾಣ್ಬೇಕು. ಅದನ್ನ ಕೊಡೋ ವಸ್ತು ಗಾಜು ಬಿಟ್ರೆ ಆಗ ಇನ್ನೊಂದಿರ್ಲಿಲ್ಲ, ಪ್ಲಾಸ್ಟಿಕ್ ಬರೋದಕ್ಕೆ ಇನ್ನೂ ಕಾಲ ಇತ್ತು. ಇನ್ನೊಂದು ವಿಷಯ ಹೇಳಿದ್ರೆ ನಿಮ್ಮ ಮಗಳು ಖುಷಿ ಪಡ್ತಾಳೆ: ರೇಡಿಯೋಲೇರಿಯಾ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ಕಡಲ ಜೀವಿಗಳಿವೆ, ಅವುಗಳ ಅಸ್ಥಿಪಂಜರ ಸಿಲಿಕಾದ್ದು, ಅಂದ್ರೆ ಗಾಜಿನ ಮೂಲವಸ್ತುವೇ. ಬ್ಲಾಷ್ಕಾಗಳು ಅವನ್ನೂ ಎಷ್ಟೋ ಪಟ್ಟು ದೊಡ್ಡದು ಮಾಡಿ ಗಾಜಲ್ಲಿ ಮಾಡಿದಾರೆ. ಆ ಜೀವಿ ಸಮುದ್ರದಲ್ಲಿ ಮಾಡ್ಕೊಂಡಿದ್ದನ್ನೇ ಇವರು ದೀಪದ ಮುಂದೆ ಮಾಡಿದ್ರು.

ಪ್ರಾಣಿ ಹೇಗಿದೆ ಅಂತ ಇವರಿಗೆ ಗೊತ್ತಾಗ್ತಿದ್ದಿದ್ದು ಹೇಗೆ? ಶುರುವಲ್ಲಿ ಪುಸ್ತಕದ ಚಿತ್ರಗಳಿಂದ, ಮುಖ್ಯವಾಗಿ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗೋಸ್ ಅನಿಮೋನ್‌ಗಳ ಬಗ್ಗೆ ತಂದಿದ್ದ ಪುಸ್ತಕದಿಂದ. ಚಿತ್ರ ಯಾವತ್ತೂ ಒಂದೇ ಕಡೆಯಿಂದ ಇರುತ್ತೆ, ಮಾಡೆಲ್‌ಗೆ ಬೆನ್ನೂ ಬೇಕು, ಹಾಗಾಗಿ ಚಿತ್ರದಲ್ಲಿ ತಪ್ಪಿದ್ರೆ ಗಾಜಿಗೂ ಆ ತಪ್ಪು ಬರುತ್ತೆ. ಇದರಿಂದ ಅಪ್ಪ ಮಗನಿಗೂ ಸಮಾಧಾನ ಇರ್ಲಿಲ್ಲ ಅನ್ಸುತ್ತೆ, ಯಾಕಂದ್ರೆ ಮುಂದೆ ಸಮುದ್ರದಿಂದ ಅಷ್ಟು ದೂರದ ಡ್ರೆಸ್ಡೆನ್‌ನಲ್ಲಿ ಮನೆಯೊಳಗೇ ಅಕ್ವೇರಿಯಂ ಇಟ್ಟು, ಜೀವಂತ ಪ್ರಾಣಿಗಳನ್ನ ತರಿಸ್ಕೊಂಡು, ನೋಡಿ ನೋಡಿ ಮಾಡೋಕೆ ಶುರು ಮಾಡಿದ್ರು. ಎರ್ನ್ಸ್ಟ್ ಹೆಕೆಲ್ ಥರದ ದೊಡ್ಡ ಪ್ರಾಣಿಶಾಸ್ತ್ರಜ್ಞರ ಜೊತೆ ಪತ್ರ ವ್ಯವಹಾರ ಇತ್ತು. ಕಸುಬಿನವರು ವಿಜ್ಞಾನಿಗಳಾಗ್ತಾ ಹೋದ್ರು ಅಂತಾನೇ ನಾನು ಹೇಳೋದು, ಡಿಗ್ರಿ ಇರ್ಲಿಲ್ಲ ಅಷ್ಟೇ.

ಮಾರಾಟ ಆಗ್ತಿದ್ದಿದ್ದು ಕ್ಯಾಟಲಾಗ್ ಮೂಲಕ, ಅಂಚೆಯಲ್ಲಿ. ಅಮೆರಿಕಾದಲ್ಲಿ ರೋಚೆಸ್ಟರ್ ಊರಿನ ಹೆನ್ರಿ ವಾರ್ಡ್ ಇವರ ಏಜೆಂಟ್. ಕೊನೆಕೊನೆಗೆ ಪಟ್ಟಿಯಲ್ಲಿ 700 ಥರದ ಮಾಡೆಲ್ ಇದ್ವು. ಕಾರ್ನೆಲ್ ಯೂನಿವರ್ಸಿಟಿ 1885ರಲ್ಲಿ 570 ತರಿಸ್ಕೊಳ್ತು, ಹಾರ್ವರ್ಡ್ ಹತ್ರ ಸುಮಾರು 430 ಇವೆ, ಡಬ್ಲಿನ್‌ನಲ್ಲಿ ಐನೂರಕ್ಕೂ ಹೆಚ್ಚು. ಲಂಡನ್, ಜಿನೀವಾ, ವಿಯೆನ್ನಾ, ಉಟ್ರೆಕ್ಟ್, ಸ್ಟ್ರಾಸ್‌ಬರ್ಗ್, ದೂರದ ನ್ಯೂಜಿಲೆಂಡ್‌ನ ಡುನೆಡಿನ್, ಎಲ್ಲಾ ಕಡೆ ಹೋದ್ವು. ಕೊಂಡವರು ಜಾಸ್ತಿ ಜನ ಮ್ಯೂಸಿಯಂ, ಕಾಲೇಜಿನವರು, ಅಂದ್ರೆ ಮೇಷ್ಟ್ರು ಮೇಜಿನ ಮೇಲೆ ಇಟ್ಕೊಂಡು ಪಾಠ ಮಾಡೋಕೆ ಅಂತಲೇ ಕೊಂಡಿದ್ದು.

ಪಾಠಕ್ಕೆ ಹೇಗೆ ಒದಗ್ತಿತ್ತು ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಇದೆ. ಅರೀಲಿಯಾ ಅಂತ ಒಂದು ಲೋಳೆಮೀನು, ಅದರ ಬದುಕಿನ ಹಂತಗಳನ್ನ ಸಾಲಾಗಿ ಮಾಡಿದಾರೆ. ಮೊಟ್ಟೆಯಿಂದ ಬಂದ ಮರಿ ಕೆಳಗೆ ಹೋಗಿ ಕಲ್ಲಿಗೆ ಅಂಟ್ಕೊಂಡು ಗಿಡದ ಥರ ನಿಲ್ಲುತ್ತೆ, ಆಮೇಲೆ ಅದರ ಮೈ ಅಡ್ಡಡ್ಡ ಸೀಳ್ತಾ ಬಂದು, ಇಡ್ಲಿ ಸ್ಟ್ಯಾಂಡಲ್ಲಿ ತಟ್ಟೆ ಮೇಲೆ ತಟ್ಟೆ ಇದ್ದ ಹಾಗೆ ಕಾಣುತ್ತೆ, ಕೊನೆಗೆ ಮೇಲಿನ ತಟ್ಟೆಯಿಂದ ಒಂದೊಂದೇ ಬಿಡಿಸ್ಕೊಂಡು ಈಜಿಕೊಂಡು ಹೋಗುತ್ತೆ, ಅದೇ ಬೆಳೆದು ಲೋಳೆಮೀನು. ಈ ತಟ್ಟೆಗಳು ಸಮುದ್ರದಲ್ಲಿ ಕೆಲವೇ ಮಿಲಿಮೀಟರ್. ಬೋರ್ಡ್ ಮೇಲೆ ಬಿಡಿಸಿ ಬಿಡಿಸಿ ನನ್ನ ಎಷ್ಟೋ ಸೀಮೆಸುಣ್ಣ ಸವೆದಿದೆ, ಆದ್ರೂ ಹುಡುಗ್ರಿಗೆ ಇದು ಒಂದೇ ಪ್ರಾಣಿ ಅಂತ ನಂಬಿಸೋದು ಕಷ್ಟ. ದೊಡ್ಡದಾಗಿ ಗಾಜಲ್ಲಿ ಸಾಲಾಗಿ ಮುಂದೆ ಇಟ್ರೆ, ಸುತ್ತ ತಿರುಗಿ ನೋಡಿದ್ರೆ, ಯಾರೂ ಬಾಯಿಪಾಠ ಮಾಡ್ಬೇಕಾಗಿಲ್ಲ. ಬೊಂಡಾಸ್, ಅಂದ್ರೆ ಸ್ಕ್ವಿಡ್, ಮೈಮೇಲಿನ ಚುಕ್ಕೆ ಬಣ್ಣ ಗೊತ್ತಲ್ಲ, ಮೀನು ಮಾರ್ಕೆಟ್‌ಗೆ ಬರೋ ಹೊತ್ತಿಗೇ ಅರ್ಧ ಹೋಗಿರುತ್ತೆ, ಅದನ್ನೂ ಒಂದೊಂದು ಚುಕ್ಕೆಯಾಗಿ ಇಟ್ಟಿದಾರೆ ಆ ಪುಣ್ಯಾತ್ಮರು.

ಈಗ ನಿಮ್ಮ ಮಗಳ ಮುಖ್ಯ ಪ್ರಶ್ನೆ, ಕಲೆನಾ ಪಾಠದ ಸಾಮಾನಾ. ನನ್ನ ಉತ್ತರ ಇಷ್ಟೇ: ಆ ಪ್ರಾಣಿ ಬದುಕಿದ್ದಾಗ ಚೆಂದ ಇತ್ತು. ಸತ್ತ ಮೇಲೆ ಮೊದಲು ಹೋಗೋದು ಆ ಚೆಂದ, ಅಂದ್ರೆ ಬಣ್ಣ, ನಿಲುವು, ಪಾರದರ್ಶಕತೆ, ಟೆಂಟಕಲ್ ಬಾಗಿರೋ ರೀತಿ. ಇದೆಲ್ಲಾ ಪ್ರಾಣಿಶಾಸ್ತ್ರಕ್ಕೆ ಬೇಕಾದ ಮಾಹಿತಿನೇ, ಯಾವ ಜಾತಿ, ಹೇಗೆ ಬೇಟೆ ಆಡುತ್ತೆ, ಹೇಗೆ ಅಡಗಿಕೊಳ್ಳುತ್ತೆ ಅನ್ನೋದೆಲ್ಲ ಅದರಲ್ಲೇ ಇರೋದು. ಹಾಗಾಗಿ ಲಿಯೋಪೋಲ್ಡ್ ಅದನ್ನ ಚೆಂದ ಮಾಡಿದಷ್ಟೂ ಅದು ಸರಿಯಾಗ್ತಾ ಹೋಯ್ತು, ಸರಿ ಮಾಡಿದಷ್ಟೂ ಚೆಂದ ಆಗ್ತಾ ಹೋಯ್ತು. ನಮ್ಮ ಬಾಟಲಿಯಲ್ಲಿದ್ದಿದ್ದು ಅಸಲಿ ಅನಿಮೋನ್, ಆದ್ರೂ ಅದು ಮಕ್ಕಳಿಗೆ ಸುಳ್ಳು ಹೇಳ್ತಿತ್ತು. ಗಾಜಿನದ್ದರಲ್ಲಿ ಪ್ರಾಣಿಯ ಒಂದು ಕಣವೂ ಇಲ್ಲ, ಆದ್ರೂ ಅದು ಪ್ರಾಣಿ ಬಗ್ಗೆ ನಿಜ ಹೇಳುತ್ತೆ. ಇದರಲ್ಲಿ ಕಲೆ ಎಲ್ಲಿ ಮುಗೀತು ಪಾಠ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆಯೋಕೆ ನನ್ನ ಕೈಲಂತೂ ಆಗಲ್ಲ.

ಹೂಗಳ ಕಥೆ ಬೇಗ ಹೇಳಿ ಮುಗಿಸ್ತೀನಿ. ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ಜಾರ್ಜ್ ಲಿಂಕನ್ ಗುಡೇಲ್ ಅಲ್ಲಿದ್ದ ಈ ಕಡಲ ಪ್ರಾಣಿಗಳನ್ನ ನೋಡಿಯೇ 1886ರಲ್ಲಿ ಡ್ರೆಸ್ಡೆನ್‌ಗೆ ಹೋಗಿ ಗಿಡಗಳನ್ನ ಮಾಡಿಕೊಡಿ ಅಂತ ಕೇಳಿದ್ದು. ಸ್ಯಾಂಪಲ್ ಕಳಿಸಿದ್ದು ಕಸ್ಟಮ್ಸ್‌ನಲ್ಲಿ ಒಡೆದುಹೋದ್ರೂ, ಚೂರು ನೋಡಿಯೇ ಜನ ಮರುಳಾದ್ರು. ಎಲಿಜಬೆತ್ ವೇರ್, ಮಗಳು ಮೇರಿ ಲೀ ವೇರ್ ದುಡ್ಡು ಕೊಟ್ರು. 1890ರ ಒಪ್ಪಂದದ ಮೇಲೆ ಇವರು ಹಾರ್ವರ್ಡ್‌ಗೆ ಮಾತ್ರ ಕೆಲಸ ಮಾಡ್ಬೇಕು ಅಂತಾಯ್ತು, ಅಲ್ಲಿಗೆ ಕಡಲ ಪ್ರಾಣಿಗಳ ಕೆಲಸ ನಿಂತುಹೋಯ್ತು. ಲಿಯೋಪೋಲ್ಡ್ 1895ರಲ್ಲಿ ತೀರಿಕೊಂಡ, ರುಡಾಲ್ಫ್ ಒಬ್ಬನೇ 1936ರ ತನಕ ಹೂ ಮಾಡಿದ, 1939ರಲ್ಲಿ ಹೋದ. ಅವನಿಗೆ ಮಕ್ಕಳಿರ್ಲಿಲ್ಲ, ಶಿಷ್ಯರೂ ಇರ್ಲಿಲ್ಲ.

ಇವರ ಹತ್ರ ಯಾವುದೋ ಗುಟ್ಟಿನ ಯಂತ್ರ ಇತ್ತು, ಅದು ಅವರ ಜೊತೆಗೇ ಹೋಯ್ತು ಅಂತ ಈಗ್ಲೂ ಹೇಳೋರಿದಾರೆ. ಲಿಯೋಪೋಲ್ಡ್ ಬದುಕಿದ್ದಾಗ್ಲೇ ಈ ಮಾತು ಬಂದಿತ್ತು. ಅದಕ್ಕೆ ಆತ ಮೇರಿ ವೇರ್‌ಗೆ ಬರೆದಿದ್ದು ಏನಂದ್ರೆ, ಗುಟ್ಟು ಏನೂ ಇಲ್ಲ, ಇರೋದು ಕೈಯ ಹದ, ಅದು ತಲೆಮಾರಿಂದ ತಲೆಮಾರಿಗೆ ಬೆಳೆಯುತ್ತೆ, ಒಳ್ಳೇ ಗಾಜಿನ ಕೆಲಸದವನಾಗ್ಬೇಕು ಅಂದ್ರೆ ಗಾಜನ್ನ ಪ್ರೀತಿಸೋ ಮುತ್ತಜ್ಜ ಸಿಗ್ಬೇಕು ಅಂತ. ಈಗಿನ ಗಾಜಿನ ಕಲಾವಿದರೂ ಆ ತಂತ್ರ ಬಲ್ಲರು. ಅಪರೂಪ ಅಂದ್ರೆ ಆ ಕೈಯ ಜೊತೆ ಅಷ್ಟೊಂದು ಪ್ರಾಣಿಗಳ ಪರಿಚಯ ಒಬ್ಬರಲ್ಲೇ ಸೇರೋದು.

ಕಡೇದಾಗಿ, ವಿಡಿಯೋ ಇರುವಾಗ ಯಾಕೆ ಜೋಪಾನ ಮಾಡ್ಬೇಕು ಅನ್ನೋದು. ಇದೇ ಮಾತನ್ನ ಕಾಲೇಜುಗಳು ಹಿಂದೇನೇ ಆಡಿದ್ವು, ಅದರ ಫಲ ಏನಾಯ್ತು ಅಂದ್ರೆ ಎಷ್ಟೋ ಕಡೆ ಇವು ಗೋಡೌನ್ ಸೇರಿ ಧೂಳು ತಿಂದ್ವು. ಹಳೇ ಅಂಟು ಒಣಗಿ ಬಿಟ್ಕೊಳ್ಳುತ್ತೆ, ಬಣ್ಣ ಚಕ್ಕೆ ಏಳುತ್ತೆ, ಕೆಲವು ಗಾಜು ಗಾಳಿಯ ತೇವಕ್ಕೆ ಮೈಯೆಲ್ಲಾ ಸಣ್ಣ ಬಿರುಕು ಬಿಡುತ್ತೆ. ಕಾರ್ನೆಲ್‌ನ ಮಾಡೆಲ್‌ಗಳೂ ಹಾಗೇ ಮೂಲೆ ಸೇರಿದ್ವು, ಅಲ್ಲಿನ ಕಡಲ ವಿಜ್ಞಾನಿ ಡ್ರೂ ಹಾರ್ವೆಲ್ ಅವನ್ನ ಮತ್ತೆ ಬೆಳಕಿಗೆ ತಂದವರಲ್ಲಿ ಮುಖ್ಯರು. ಅವರು ಬರೀ ಧೂಳು ಒರೆಸಿ ಸುಮ್ನಾಗ್ಲಿಲ್ಲ, ಗಾಜಲ್ಲಿರೋ ಪ್ರಾಣಿಗಳನ್ನ ಪಟ್ಟಿ ಹಿಡ್ಕೊಂಡು ಸಮುದ್ರಕ್ಕಿಳಿದು ಇವತ್ತು ಯಾವ್ಯಾವುದು ಸಿಗುತ್ತೆ, ಯಾವುದು ಕಮ್ಮಿಯಾಗಿದೆ ಅಂತ ಹುಡುಕಿದ್ರು. ನೂರೈವತ್ತು ವರ್ಷದ ಹಿಂದಿನ ಕಡಲಲ್ಲಿ ಏನೇನಿತ್ತು ಅನ್ನೋದಕ್ಕೆ, ಬಣ್ಣದ ಸಮೇತ, ಮೂರು ಆಯಾಮದ ದಾಖಲೆ ಬೇರೆ ಎಲ್ಲಿ ಸಿಗುತ್ತೆ ಹೇಳಿ. ವಿಡಿಯೋ ಇವತ್ತಿನ ಕಡಲನ್ನ ತೋರಿಸುತ್ತೆ, ಆ ಕಡಲನ್ನ ತೋರಿಸೋಕೆ ಅದರ ಕೈಲಾಗಲ್ಲ.

ನೀವು ಹತ್ರದಲ್ಲೇ ಇದ್ದೀರಿ, ಅವಳನ್ನ ಇನ್ನೊಂದ್ಸಲ ಕರ್ಕೊಂಡು ಹೋಗಿ, ಜನ ಕಮ್ಮಿ ಇರೋ ಹೊತ್ತು ನೋಡಿ. ಕೈಯಲ್ಲಿ ಪೆನ್ಸಿಲ್, ಬಿಳಿ ಹಾಳೆ ಇರ್ಲಿ. ಎಲ್ಲಾ ನೋಡೋದು ಬೇಡ, ಒಂದು ಅನಿಮೋನ್ ಮುಂದೆ ಅರ್ಧ ಗಂಟೆ ನಿಂತು ಬಿಡಿಸ್ಲಿ. ನೇರ ಮುಂದಿಂದ ನೋಡಿದ್ರೆ ಗೊತ್ತಾಗಲ್ಲ, ಸ್ವಲ್ಪ ಬಗ್ಗಿ, ಬೆಳಕು ಪಕ್ಕದಿಂದ ಬೀಳೋ ಹಾಗೆ ನಿಂತ್ರೆ ಟೆಂಟಕಲ್ ಕಾಂಡಕ್ಕೆ ಸೇರೋ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಕಾಣಬಹುದು, ಅದೇ ಬೆಸುಗೆ, ಯಜಮಾನ್ರಿಗೂ ಅದನ್ನೇ ತೋರಿಸಿ. ಚೀಟಿಯಲ್ಲಿರೋ ಹೆಸರು ಬರ್ಕೊಳ್ಳಿ, ಎಷ್ಟೋ ಹೆಸರು ಈಗ ಬದಲಾಗಿದೆ, ಮನೆಗೆ ಬಂದು ಹೊಸ ಹೆಸರು ಹುಡುಕಿ ಅದೇ ಪ್ರಾಣಿಯ ವಿಡಿಯೋನ ಅವಳ ಚಿತ್ರದ ಪಕ್ಕ ಇಟ್ಟು ನೋಡ್ಲಿ. ಬಿಡಿಸಿದ್ದನ್ನ ನನಗೂ ಒಂದು ಫೋಟೋ ಕಳಿಸಿ, ನಮ್ಮ ಆ ಹಳದಿ ಬಾಟಲಿ ಪಕ್ಕದಲ್ಲಿ ಅಂಟಿಸೋಕೆ ಹೇಳ್ತೀನಿ.